ನಗಿಸುವವರ ದುಃಖಕ್ಕೂ ಒಂದು ಜಾಗ ಬೇಕು

ಗಣೇಶನ ಹಬ್ಬದ ಗಲಾಟೆ ಮುಗಿದು ಎರಡು ವಾರವಾಗಿತ್ತು. ಕನಕಪುರ ಕಡೆಯ ಹಳ್ಳಿಯೊಂದರಿಂದ ಐವತ್ತು ದಾಟಿದವರೊಬ್ಬರು ಎದೆಯುರಿ ಎಂದು ನಮ್ಮ ಕ್ಲಿನಿಕ್ಕಿಗೆ ಬಂದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆ ಆರ್ಕೆಸ್ಟ್ರಾಗಳಲ್ಲಿ ಹಾಡಿನ ನಡುವೆ ಮಿಮಿಕ್ರಿ ಮಾಡುವವರು ಅವರು. ಬೇಸಿಗೆಯಲ್ಲಿ ಊರ ನಾಟಕಗಳಿದ್ದರೆ ಹಾಸ್ಯಪಾತ್ರ ಅವರದೇ. ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರು ಗುರುತು ಹಿಡಿದು, "ಒಂದು ಡೈಲಾಗ್ ಬಿಡಿ ಅಣ್ಣ" ಎಂದರು. ಅವರು ಬಿಟ್ಟರು. ಎಲ್ಲರೂ ನಕ್ಕರು. ಒಳಗೆ ಬಂದು ಕುಳಿತಾಗ ಅವರ ರಕ್ತದೊತ್ತಡ 180/110 ಇತ್ತು.

"ಬಿ.ಪಿ. ಮಾತ್ರೆ ತಗೊಳ್ತಾ ಇದ್ದೀರಾ?" ಎಂದು ಕೇಳಿದೆ.

"ತಿಂಗ್ಳ ಮೇಲಾಯ್ತು ಸಾರ್, ಬುಟ್ಬುಟ್ಟಿದ್ದೀನಿ."

"ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡೋಳು ಹೋಗ್ಬುಟ್ಳಲ್ಲ ಸಾರ್" ಎಂದರು.

ಹೆಂಡತಿ ತೀರಿಕೊಂಡ ಇಪ್ಪತ್ತನೆಯ ದಿನಕ್ಕೇ ಅವರು ವೇದಿಕೆ ಹತ್ತಿದ್ದರು. ಅಡ್ವಾನ್ಸ್ ಮೊದಲೇ ಪಡೆದಿದ್ದರು, ತಂಡದಲ್ಲಿ ಇನ್ನೂ ಏಳೆಂಟು ಮಂದಿಯ ಕೂಲಿ ಅದಕ್ಕೆ ಅಂಟಿಕೊಂಡಿತ್ತು. ಇ.ಸಿ.ಜಿ. ತೆಗೆಸಿದೆ, ಅದರಲ್ಲಿ ತೊಂದರೆ ಕಾಣಲಿಲ್ಲ. ಆದರೆ ಅವರನ್ನು ಕೊರೆಯುತ್ತಿದ್ದುದು ಎದೆಯುರಿಯಲ್ಲ. "ತಿಥಿ ಮಾಡಿ ಹತ್ತು ದಿನ ಆಗಿರ್ಲಿಲ್ಲ, ನಾನು ಜನಾನ ನಗಿಸ್ತಾ ನಿಂತಿದ್ದೆ. ನಾನೂ ನಕ್ಕೆ. ನಾನೆಂಥ ಮನುಷ್ಯ ಸಾರ್?" ಎಂದು ಅವರು ಕೇಳಿದರು.

ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ಅವರ ಪ್ರಶ್ನೆಗೆ ಅಂದು ಕೊಟ್ಟ ಉತ್ತರ ಬೇರೆಯವರಿಗೂ ಬೇಕಾದೀತು ಎಂಬುದೇ ಈ ವಾರದ ಲೇಖನಕ್ಕೆ ಕಾರಣ.

ನಗು ಕಸುಬು, ದುಃಖ ಸ್ವಂತದ್ದು

'ಕರ್ನಾಟಕದ ಕುಳ್ಳ' ದ್ವಾರಕೀಶ್ ಅವರನ್ನು ಕಂಡು ನಗದ ಮನೆ ನಮ್ಮಲ್ಲಿ ಇರಲಾರದು. 1942ರಲ್ಲಿ ಹುಣಸೂರಿನಲ್ಲಿ ಹುಟ್ಟಿದ ಅವರು ನಟರಾಗಿ, ನಿರ್ಮಾಪಕರಾಗಿ, ನಿರ್ದೇಶಕರಾಗಿ ದುಡಿದರು. ಚಿತ್ರಗಳು ಸಾಲಾಗಿ ಸೋತು ಕೈ ಸುಟ್ಟುಕೊಂಡದ್ದೂ ಉಂಟು, ಮತ್ತೆ ಎದ್ದದ್ದೂ ಉಂಟು. 2004ರಲ್ಲಿ ಅವರ 'ಆಪ್ತಮಿತ್ರ' ಚಿತ್ರ ತೆರೆಕಾಣುವ ಮೊದಲೇ ನಾಯಕಿ ಸೌಂದರ್ಯ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ತೆರೆಯ ಮೇಲೆ ಅವರ ಜೋಡಿಯಾಗಿದ್ದ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು. 2021ರ ಏಪ್ರಿಲ್ 16ರಂದು ಪತ್ನಿ ಅಂಬುಜಾ ತೀರಿಕೊಂಡರು. ಸರಿಯಾಗಿ ಮೂರು ವರ್ಷಕ್ಕೆ, 2024ರ ಏಪ್ರಿಲ್ 16ರಂದು, ದ್ವಾರಕೀಶ್ ಬೆಂಗಳೂರಿನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಅವರಿಗಾಗ 81 ವರ್ಷ.

'ಹೆಂಡತಿ ಹೋದ ದಿನವೇ ಹೋದರು' ಎಂದು ಜನ ಮಾತಾಡಿಕೊಂಡರು. ದುಃಖವೇ ಅವರನ್ನು ಕರೆದೊಯ್ದಿತು ಎಂದು ವೈದ್ಯನಾದ ನಾನು ಹೇಳಲಾರೆ. 81 ವರ್ಷದ ಹೃದಯಕ್ಕೆ ನಿಲ್ಲಲು ತನ್ನದೇ ಕಾರಣಗಳಿರುತ್ತವೆ. ತಾರೀಖು ಒಂದೇ ಆದದ್ದು ಕಾಕತಾಳೀಯ. ಆದರೆ ಆ ಮಾತಿನ ಹಿಂದಿರುವ ನಂಬಿಕೆ ಪೂರ್ತಿ ಸುಳ್ಳಲ್ಲ. ತೀರಿಕೊಂಡವರ ದಿನ, ಮದುವೆಯ ದಿನ, ಹಬ್ಬದ ದಿನ ಹತ್ತಿರ ಬಂದಾಗ ಉಳಿದವರ ನಿದ್ದೆ, ಹಸಿವು, ಮನಸ್ಸು ಎಲ್ಲವೂ ಏರುಪೇರಾಗುವುದನ್ನು ವೈದ್ಯರು ದಿನನಿತ್ಯ ನೋಡುತ್ತೇವೆ.

ಇನ್ನೊಂದು ಉದಾಹರಣೆ ಚಾರ್ಲಿ ಚಾಪ್ಲಿನ್ ಅವರದು. 1919ರ ಜುಲೈ 7ರಂದು ಅವರಿಗೆ ಮೊದಲ ಮಗು ಹುಟ್ಟಿತು. ಮೂರೇ ದಿನಕ್ಕೆ ತೀರಿಕೊಂಡಿತು. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಚಾಪ್ಲಿನ್ ತಮ್ಮ ಹೊಸ ಚಿತ್ರಕ್ಕೆ ಪುಟ್ಟ ಮಕ್ಕಳನ್ನು ಹುಡುಕತೊಡಗಿದ್ದರು. 1921ರಲ್ಲಿ ಬಂದ ಆ ಚಿತ್ರವೇ 'ದಿ ಕಿಡ್'. ಯಾರೋ ಬಿಟ್ಟುಹೋದ ಕೂಸನ್ನು ಬಡವನೊಬ್ಬ ಎತ್ತಿ ಸಾಕುವ ಕಥೆ ಅದು. ಮಗುವನ್ನು ಮಣ್ಣು ಮಾಡಿ ಬಂದವನು ಅಷ್ಟು ಬೇಗ ಕೆಲಸಕ್ಕೆ ನಿಂತದ್ದನ್ನು ಕಲ್ಲು ಮನಸ್ಸು ಎನ್ನಬೇಕೆ? ಚಿತ್ರ ನೋಡಿದವರು ಹಾಗೆನ್ನಲಾರರು.

ದುಃಖ ದೇಹಕ್ಕೆ ಇಳಿಯುವ ಬಗೆ

ದುಃಖ ಮನಸ್ಸಿಗೆ ಸಂಬಂಧಿಸಿದ್ದು, ದೇಹಕ್ಕೇನೂ ಆಗದು ಎಂಬುದು ತಪ್ಪು ತಿಳಿವಳಿಕೆ. ಆಪ್ತರ ಸಾವಿನ ಸುದ್ದಿ ಕೇಳಿದೊಡನೆ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ನಾಡಿಬಡಿತ ಮತ್ತು ರಕ್ತದೊತ್ತಡ ಹೆಚ್ಚುತ್ತವೆ. ರಕ್ತ ಹೆಪ್ಪುಗಟ್ಟುವ ಗುಣವೂ ಜಾಸ್ತಿಯಾಗುತ್ತದೆ. ಹೃದಯಾಘಾತವಾದ 1985 ರೋಗಿಗಳನ್ನು ಮಾತಾಡಿಸಿ ಅಮೆರಿಕದ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪ್ತರ ಸಾವಿನ ಸುದ್ದಿ ತಿಳಿದ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಬೇರೆ ದಿನಗಳಿಗಿಂತ ಸುಮಾರು 21 ಪಟ್ಟು ಹೆಚ್ಚಿತ್ತು. ದಿನಗಳು ಕಳೆದಂತೆ ಅದು ಇಳಿಯುತ್ತಾ ಬಂತು.

ಹೆಂಡತಿಯನ್ನು ಕಳೆದುಕೊಂಡ ಗಂಡಸರ ಸ್ಥಿತಿ ಇನ್ನೂ ನಾಜೂಕು. ಬ್ರಿಟನ್ನಿನಲ್ಲಿ 55 ವರ್ಷ ಮೀರಿದ 4486 ವಿಧುರರ ಮೇಲೆ ನಡೆದು 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂದಿಗೂ ಪ್ರಸಿದ್ಧ. ಪತ್ನಿ ತೀರಿಕೊಂಡ ಮೊದಲ ಆರು ತಿಂಗಳಲ್ಲಿ ಅವರಲ್ಲಿ ಆದ ಸಾವುಗಳು, ಅದೇ ವಯಸ್ಸಿನ ವಿವಾಹಿತ ಗಂಡಸರಿಗಿಂತ ಶೇಕಡಾ 40ರಷ್ಟು ಹೆಚ್ಚಾಗಿದ್ದವು. ಹೃದ್ರೋಗವೇ ಮುಖ್ಯ ಕಾರಣವಾಗಿತ್ತು.

ಇದಕ್ಕೆ ಹಾರ್ಮೋನುಗಳಷ್ಟೇ ಕಾರಣವಲ್ಲ. ನಮ್ಮ ಮನೆಗಳಲ್ಲಿ ಗಂಡಸಿನ ಮಾತ್ರೆಯ ಲೆಕ್ಕ, ಊಟದ ಹೊತ್ತು, ಉಪ್ಪು ಸಕ್ಕರೆಯ ಹತೋಟಿ ಎಲ್ಲವೂ ಹೆಂಡತಿಯ ಕೈಯಲ್ಲಿ ಇರುತ್ತದೆ. ಆಕೆ ಹೋದ ದಿನ ಇವೆಲ್ಲವೂ ಒಟ್ಟಿಗೆ ನಿಲ್ಲುತ್ತವೆ. ನನ್ನ ರೋಗಿಯ 180/110ಕ್ಕೆ ಅರ್ಧ ಕಾರಣ ದುಃಖವಾದರೆ, ಇನ್ನರ್ಧ ಕಾರಣ ಗೂಡಿನಲ್ಲೇ ಉಳಿದ ಮಾತ್ರೆಗಳು.

'ಎದೆ ಒಡೆದು ಹೋಯಿತು' ಎಂಬ ಮಾತಿಗೆ ಹತ್ತಿರವಾದ ಕಾಯಿಲೆಯೂ ಒಂದಿದೆ. ಜಪಾನಿನ ವೈದ್ಯರು 1990ರಲ್ಲಿ ಇದನ್ನು ಗುರುತಿಸಿ 'ತಾಕೊತ್ಸುಬೊ' ಎಂದು ಕರೆದರು. ಅದು ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು. ತೀವ್ರ ಆಘಾತದಿಂದ ಹೃದಯದ ಒಂದು ಭಾಗ ತಾತ್ಕಾಲಿಕವಾಗಿ ಸೋತು, ಹೃದಯ ಆ ಮಡಕೆಯಂತೆ ಉಬ್ಬಿ ಕಾಣುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಇದರ ಲಕ್ಷಣಗಳು ಹೃದಯಾಘಾತದಂತೆಯೇ ಇರುವುದರಿಂದ, ಸಾವಿನ ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದರೆ 'ದುಃಖಕ್ಕೆ ಹಾಗಾಗಿದೆ, ನೀರು ಕೊಡಿ' ಎಂದು ಕೂರಿಸಬೇಡಿ. ಕೂಡಲೇ ಇ.ಸಿ.ಜಿ. ತೆಗೆಯುವ ಆಸ್ಪತ್ರೆಗೆ ಕರೆದೊಯ್ಯಿರಿ.

ದುಃಖದಲ್ಲಿ ನಕ್ಕರೆ ತಪ್ಪೇ?

ತಪ್ಪಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಆರು ತಿಂಗಳಾದವರನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆಲ್ಟ್ನರ್ ಮತ್ತು ಬೊನಾನೊ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ತೀರಿಕೊಂಡವರ ಬಗ್ಗೆ ಮಾತಾಡುವಾಗ ಕಣ್ಣಂಚು ಸುಕ್ಕುಗಟ್ಟುವಂತೆ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆ ಇತ್ತು. ಅಂಥವರನ್ನು ಕಂಡರೆ ಬೇರೆಯವರೂ ಹತ್ತಿರ ಬರುತ್ತಿದ್ದರು.

ನಮ್ಮ ಹಿರಿಯರಿಗೆ ಇದು ಅಧ್ಯಯನವಿಲ್ಲದೆಯೇ ಗೊತ್ತಿತ್ತು. ನಮ್ಮ ಕಡೆ ಮುದುಕರು ಸತ್ತರೆ ತಮಟೆ ಬಡಿಯುತ್ತಾರೆ, ಹೆಣದ ಮುಂದೆ ಕುಣಿಯುತ್ತಾರೆ. ಹನ್ನೊಂದನೆಯ ದಿನದ ತಿಥಿಯಲ್ಲಿ ಸತ್ತವರ ಚೇಷ್ಟೆ, ಜಿಪುಣತನ, ಜಗಳಗಳನ್ನು ನೆನೆಸಿಕೊಂಡು ನಗುತ್ತಾರೆ. ಮಹಾಲಯ ಅಮಾವಾಸ್ಯೆಗೆ ಅವರಿಗಿಷ್ಟವಾದ ತಿಂಡಿಯನ್ನೇ ಮಾಡಿ ಎಡೆ ಇಡುತ್ತಾರೆ. ಅಳುವಿಗೂ ನಗುವಿಗೂ ಒಂದೇ ಜಗುಲಿ.

ದುಃಖವೆಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಒಂದು ದಿನ ಮುಗಿಯುವಂಥದ್ದು ಎಂದು ಹಿಂದೆ ತಿಳಿಯುತ್ತಿದ್ದರು. ಸ್ಟ್ರೋಬೆ ಮತ್ತು ಶೂಟ್ ಎಂಬ ಸಂಶೋಧಕರು 1999ರಲ್ಲಿ ಬೇರೆ ರೀತಿಯಲ್ಲಿ ವಿವರಿಸಿದರು. ದುಃಖಿತರು ಎರಡು ದಡಗಳ ನಡುವೆ ಓಡಾಡುತ್ತಾರೆ: ಒಂದು ದಡದಲ್ಲಿ ನೆನಪು, ಅಳು, ಹಂಬಲ, ಇನ್ನೊಂದರಲ್ಲಿ ದುಡಿಮೆ, ಸಂಸಾರ, ಹೊಸ ಜವಾಬ್ದಾರಿ. ಹೀಗೆ ಅತ್ತಿತ್ತ ಓಡಾಡುವುದೇ ಆರೋಗ್ಯದ ಲಕ್ಷಣ. ಯಾವುದಾದರೂ ಒಂದೇ ದಡದಲ್ಲಿ ಸಿಕ್ಕಿಕೊಳ್ಳುವುದು ತೊಂದರೆ. ವೇದಿಕೆ ಹತ್ತಿ ನಗಿಸಿದ್ದು ಹೆಂಡತಿಗೆ ಮಾಡಿದ ದ್ರೋಹವಲ್ಲ, ಅದು ಎರಡನೆಯ ದಡ ಎಂದು ನನ್ನ ರೋಗಿಗೆ ಹೇಳಿದೆ. "ಆದರೆ ಮೊದಲನೇ ದಡಕ್ಕೆ ನೀವು ಹೋಗೇ ಇಲ್ಲವಲ್ಲ?" ಎಂದೂ ಕೇಳಿದೆ.

ಕಲಾವಿದರ ಕಷ್ಟ ಬೇರೆ

ಹಾಸ್ಯ ಕಲಾವಿದರಿಗೆ ಆ ಮೊದಲ ದಡಕ್ಕೆ ಹೋಗಲು ದಾರಿಯೇ ಸಿಗುವುದಿಲ್ಲ. ಸಂಬಳದ ರಜೆ ಇಲ್ಲ. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ ಎಂದು ದುಡಿಮೆಯ ಕಾಲ ಗೊತ್ತಾಗಿರುತ್ತದೆ; ಅದು ತಪ್ಪಿದರೆ ವರ್ಷವೆಲ್ಲ ತಪ್ಪಿದಂತೆ. ಕಾರ್ಯಕ್ರಮ ಮುಗಿಯುವುದು ಮಧ್ಯರಾತ್ರಿಗೆ. ಊರ ನಾಟಕವಾದರೆ ಬೆಳಗಿನ ಜಾವಕ್ಕೆ. ಚಪ್ಪಾಳೆಯ ಬಿಸಿ ಇಳಿಯಲು ಇನ್ನೂ ಒಂದೆರಡು ಗಂಟೆ ಬೇಕು. ಮನೆಗೆ ಬಂದರೆ ಬಾಗಿಲು ತೆರೆಯುವವರಿಲ್ಲ. ನಿದ್ದೆಗಾಗಿ ಒಂದು ಪೆಗ್ ಎಂದು ಶುರುವಾಗುವುದು ಇಲ್ಲಿಯೇ. ಮದ್ಯ ಬೇಗ ಮಂಪರು ತರಿಸುತ್ತದೆ ನಿಜ, ಆದರೆ ನಡುರಾತ್ರಿಯಲ್ಲಿ ಎಚ್ಚರಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ, ಖಿನ್ನತೆಯನ್ನು ಆಳವಾಗಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಾವು, ಅಂದರೆ ಪ್ರೇಕ್ಷಕರು. ಸಾಂತ್ವನ ಹೇಳಲು ಹೋದಲ್ಲೂ ಅವರಿಂದ ಒಂದು ತಮಾಷೆ ಬಯಸುತ್ತೇವೆ. ಅವರು ಗಂಭೀರವಾದರೆ ಅದನ್ನೂ ನಟನೆ ಎಂದು ನಗುತ್ತೇವೆ. ನಮ್ಮ ಕ್ಲಿನಿಕ್ಕಿನ ಬೆಂಚಿನ ಮೇಲೆ ಅಂದು ನಡೆದದ್ದೂ ಅದೇ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಆಪ್ತರನ್ನು ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಔಷಧಿ ಬೇಕಾಗುವುದಿಲ್ಲ. ಜೊತೆಗೆ ಜನ ಬೇಕು, ಸಮಯ ಬೇಕು. ಸತ್ತವರ ದನಿ ಕೇಳಿದಂತಾಗುವುದು, ಇದ್ದಕ್ಕಿದ್ದಂತೆ ಅಳು ಉಕ್ಕುವುದು ಹುಚ್ಚಿನ ಲಕ್ಷಣವಲ್ಲ. ಆದರೆ ಕೆಳಗಿನವು ಕಂಡರೆ ತಡ ಮಾಡಬಾರದು:

1. ಆರು ತಿಂಗಳು ಮೀರಿದರೂ ಹಂಬಲ ಒಂದಿಷ್ಟೂ ತಗ್ಗದೆ, ದಿನನಿತ್ಯದ ಕೆಲಸವೇ ನಿಂತುಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಇದನ್ನು ದೀರ್ಘಕಾಲಿಕ ಶೋಕದ ಕಾಯಿಲೆ ಎಂದು ಸೇರಿಸಿದೆ. ಇದಕ್ಕೆ ಆಪ್ತಸಮಾಲೋಚನೆಯ ಚಿಕಿತ್ಸೆ ಇದೆ.

2. ಕುಡಿತ ದಿನೇ ದಿನೇ ಹೆಚ್ಚುವುದು, ಅಥವಾ ನಿದ್ದೆ ಮಾತ್ರೆಯನ್ನು ತಾವೇ ಅಂಗಡಿಯಿಂದ ತಂದು ನುಂಗುವುದು.

3. ತೂಕ ಬಹಳ ಇಳಿಯುವುದು, ಬಿ.ಪಿ. ಸಕ್ಕರೆ ಮಾತ್ರೆಗಳನ್ನು ಬಿಡುವುದು.

4. 'ನಾನೂ ಹೋಗಿಬಿಡಬೇಕು' ಎಂಬ ಮಾತು. ಹಾಸ್ಯಗಾರ ಇದನ್ನು ತಮಾಷೆಯಾಗಿ ಹೇಳಿದರೂ ತಮಾಷೆ ಎಂದುಕೊಳ್ಳಬೇಡಿ. 'ಸಾಯಬೇಕು ಅನ್ನಿಸುತ್ತಿದೆಯೇ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನೆರವು ಎಲ್ಲಿ, ಯಾವ ದಿನ ಸಿಗುತ್ತದೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇನಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಧ್ಯರಾತ್ರಿ ಕೆಲಸ ಮುಗಿಸುವವರಿಗೆ ಇದು ವಿಶೇಷ ಅನುಕೂಲ.

ಮನೆಯವರು ಮಾಡಬೇಕಾದ್ದು

ಮೊದಲ ಆರು ತಿಂಗಳು ಮಾತ್ರೆಯ ಜವಾಬ್ದಾರಿಯನ್ನು ಒಬ್ಬರು ಹೊತ್ತುಕೊಳ್ಳಿ. ಮಗಳೋ ಸೊಸೆಯೋ ತಂಡದ ಗೆಳೆಯನೋ, ಯಾರಾದರೂ ಸರಿ. ದಿನಕ್ಕೊಂದು ಊಟವನ್ನಾದರೂ ಅವರ ಜೊತೆ ಕುಳಿತು ಮಾಡಿ. 'ಧೈರ್ಯ ತಗೊಳ್ಳಿ' ಎನ್ನುವ ಬದಲು ಹೋದವರ ಹೆಸರು ಹಿಡಿದು ಮಾತಾಡಿ. ವರ್ಷಾಬ್ದಿಕ ಹತ್ತಿರವಾದಾಗ ಒಂಟಿಯಾಗಿ ಬಿಡಬೇಡಿ. ಕಾರ್ಯಕ್ರಮ ಒಪ್ಪಿಸುವವರು ಆ ವಾರವನ್ನು ಖಾಲಿ ಇಟ್ಟರೆ ದೊಡ್ಡ ಉಪಕಾರ.

ನನ್ನ ರೋಗಿ ಒಂದು ತಿಂಗಳ ನಂತರ ಮತ್ತೆ ಬಂದರು. ಮಾತ್ರೆಗಳನ್ನು ಮೇಕಪ್ ಡಬ್ಬಿಯಲ್ಲೇ ಇಟ್ಟುಕೊಂಡಿದ್ದರು. ರಾತ್ರಿ ಎಂಟಕ್ಕೆ ಮಗಳು ಫೋನ್ ಮಾಡಿ ನೆನಪಿಸುತ್ತಾಳೆ. ರಕ್ತದೊತ್ತಡ 140/90ಕ್ಕೆ ಇಳಿದಿತ್ತು. ಮಾತಿನ ನಡುವೆ ಹೆಂಡತಿಯ ಸುದ್ದಿ ಬಂತು. ಊರಲ್ಲಿ ಇವರ ಕಾರ್ಯಕ್ರಮ ಇದ್ದರೆ ಆಕೆ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರಂತೆ, ಒಂದು ಸಲವೂ ನಗುತ್ತಿರಲಿಲ್ಲವಂತೆ. "ಎಲ್ಲಾ ಮನೇಲೇ ಕೇಳಿ ಸಾಕಾಗಿತ್ತಲ್ಲ ಸಾರ್ ಅವ್ಳಿಗೆ" ಎಂದು ನಕ್ಕರು. ಕಣ್ಣಂಚಿನವರೆಗೂ ನಕ್ಕರು. ಹಾಗೆಯೇ ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. ಮುಂದಿನ ರೋಗಿಯನ್ನು ಸ್ವಲ್ಪ ಹೊತ್ತು ಕಾಯಲು ಹೇಳಿದೆ.