ಪಿಂಚಣಿ ಅರ್ಜಿ ತಿರಸ್ಕೃತವಾದರೆ ಅಲ್ಲಿಗೇ ಬಿಡಬೇಡಿ



ಜುಮಾ ಮುಗಿದ ಮೇಲೆ ಕಾಗದಪತ್ರ ಹಿಡಿದು ಮಸೀದಿಯ ಬಾಗಿಲಲ್ಲಿ ಕಾಯುವವರಲ್ಲಿ ವಿಕಲಚೇತನ ಮಕ್ಕಳ ತಾಯಿತಂದೆಯರೂ ಇರುತ್ತಾರೆ. ಹೆಚ್ಚಿನವರ ಮಾತು ಒಂದೇ: "ಆಫೀಸಲ್ಲಿ ಆಗಲ್ಲ ಅಂದ್ರು ಹಝ್ರತ್." ಯಾರು ಅಂದರು, ಯಾವ ಕಾರಣಕ್ಕೆ, ಬರೆದು ಕೊಟ್ಟರೇ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಇನ್ನು ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಒಬ್ಬ ಮಗಳ ವಿಷಯ ಹೊರಗೆ ತಿಳಿದರೆ ಇನ್ನೊಬ್ಬಳ ನಿಕಾಹ್‌ಗೆ ತೊಡಕಾದೀತೆಂಬ ಭಯ. ಸರಕಾರದ ಹಣ ಕೇಳುವುದು ಕೈಚಾಚಿದಂತೆ ಎಂಬ ಸಂಕೋಚ. ಆದರೆ ಇದನ್ನು ಕಾನೂನು ಸದಕಾ ಎನ್ನುವುದಿಲ್ಲ, ಹಕ್ಕು ಎನ್ನುತ್ತದೆ. ಹಕ್ಕನ್ನು ಕೇಳಿ ಪಡೆಯಲು ನಾಚಿಕೆ ಬೇಡ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕಣ್ಣು, ಕಿವಿ, ಕೈಕಾಲುಗಳದ್ದು ಮಾತ್ರವಲ್ಲ. ಆಟಿಸಂ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್ಸ್, ಥಲಸ್ಸೀಮಿಯಾ, ಹಿಮೋಫಿಲಿಯಾ ಕೂಡ ಸೇರಿವೆ. ಹೆಚ್ಚಿನ ಸವಲತ್ತುಗಳಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು.

ಮೊದಲ ಹೆಜ್ಜೆ ಯುಡಿಐಡಿ ಕಾರ್ಡ್. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದ ಮೇಲೆ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರು ತಪಾಸಣೆ ಮಾಡಿ ಶೇಕಡಾವಾರು ನಿಗದಿ ಮಾಡುತ್ತಾರೆ. ಆ ದಿನ ಹಳೆಯ ಚೀಟಿ, ಸ್ಕ್ಯಾನ್, ಡಿಸ್ಚಾರ್ಜ್ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಮಗುವಿಗೆ ಏನೇನು ಮಾಡಲಾಗದು ಎಂಬುದನ್ನು ಮುಚ್ಚಿಡದೆ ಹೇಳಿ. "ಸ್ವಲ್ಪ ಸ್ವಲ್ಪ ನಡೀತಾನೆ" ಎಂದು ಅಭಿಮಾನಕ್ಕೆ ಹೇಳುವುದೂ ಬೇಡ, ಇಲ್ಲದ್ದನ್ನು ಸೇರಿಸಿ ಸುಳ್ಳು ಹೇಳುವುದಂತೂ ಬೇಡವೇ ಬೇಡ.

ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕೆಂದು ನಿಯಮವಿದೆ. ಅದನ್ನು ಕೇಳಿ ಪಡೆಯಿರಿ. ಶೇಕಡಾವಾರು ಕಡಿಮೆಯಾಯಿತೆಂದು ಅನಿಸಿದರೆ ಕಾಯ್ದೆಯ 59ನೇ ಕಲಮಿನ ಪ್ರಕಾರ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅಲ್ಲಿ ಕಷ್ಟ ಹೇಳಿಕೊಂಡರೆ ಸಾಲದು, ತಜ್ಞ ವೈದ್ಯರ ವರದಿ ಜೊತೆಗಿರಲಿ.

ಎರಡನೆಯದು ಮಾಸಿಕ ಪಿಂಚಣಿ. ಇದಕ್ಕೆ ಅರ್ಜಿ ನಾಡಕಚೇರಿಯಲ್ಲಿ. ಕಾರ್ಡ್, ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ರಸೀದಿ ಪಡೆಯದೆ ಹೊರಗೆ ಬರಬೇಡಿ. ಅದರಲ್ಲಿ 15 ಅಂಕಿಗಳ ಸಕಾಲ ಸಂಖ್ಯೆ ಇರುತ್ತದೆ. ಗಡುವು ಮೀರಿದರೂ ಉತ್ತರ ಬಾರದಿದ್ದರೆ, ಅಥವಾ ಅರ್ಜಿ ತಿರಸ್ಕೃತವಾದರೆ, 30 ದಿನಗಳೊಳಗೆ ಸಕಾಲ ಕಾಯ್ದೆಯಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರು ನಿಗದಿತ ಅವಧಿಯಲ್ಲಿ ತೀರ್ಮಾನಿಸಬೇಕು. ಕಚೇರಿಯ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಆ 30 ದಿನ ನಮ್ಮಲ್ಲಿ ಹೆಚ್ಚಾಗಿ "ನೋಡೋಣ" ಎನ್ನುತ್ತಲೇ ಕಳೆದುಹೋಗುತ್ತದೆ. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ.

ಮೂರನೆಯದು ವಿಕಲಚೇತನರ ರಾಜ್ಯ ಆಯುಕ್ತರು. ಶಾಲೆ, ಉದ್ಯೋಗ, ಸವಲತ್ತು, ಎಲ್ಲೇ ಹಕ್ಕು ತಪ್ಪಿದರೂ ಅವರಿಗೆ ದೂರು ಕೊಡಬಹುದು. ಸಂಬಂಧಪಟ್ಟವರನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದಷ್ಟೇ ಅಧಿಕಾರವಿದೆ. ವಿಚಾರಣೆಯ ದಿನ ತಪ್ಪದೆ ಹಾಜರಾಗಿ. ಏನಾಯಿತು, ಯಾವ ತಾರೀಖು, ನಿಮಗೇನು ಬೇಕು, ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ. ಮೂಲ ಪತ್ರ ನಿಮ್ಮಲ್ಲೇ ಇರಲಿ, ನಕಲನ್ನು ಮಾತ್ರ ಕೊಡಿ.

ದಲ್ಲಾಳಿಗೆ ಹಣ ಕೊಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೆಂದೇ ಇದ್ದಾರೆ.

ನಮ್ಮ ಮೊಹಲ್ಲಾದಲ್ಲಿ ಓದು ಬಲ್ಲ ಯುವಕರಿದ್ದಾರೆ. ಒಬ್ಬೊಬ್ಬರು ಒಂದೊಂದು ಮನೆಯ ಅರ್ಜಿಯ ಹೊಣೆ ಹೊತ್ತು, ಗಡುವಿನ ದಿನವನ್ನು ಗುರುತು ಹಾಕಿಕೊಂಡು, ಕಚೇರಿಗೆ ಜೊತೆಯಲ್ಲಿ ಹೋಗಲಿ. ಅಕ್ಷರ ಬಾರದ ತಾಯಿಗೆ ಆ ಜೊತೆಯೇ ಅರ್ಧ ಬಲ.