ಕಂಡವರೊಬ್ಬರು, ಓದಿದವರೊಬ್ಬರು

1915ರಲ್ಲಿ ಮಸ್ಕಿಯಲ್ಲಿ ಅಶೋಕನ ಬಂಡೆಶಾಸನವನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಅದನ್ನೋದಿ ಪ್ರಕಟಿಸಿದವರು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು. ಕಾಣುವ ವಿದ್ಯೆಯೂ ಓದುವ ವಿದ್ಯೆಯೂ ಒಬ್ಬರಲ್ಲೇ ನೆಲೆಸಲೆಂಬುದೇ ವಿಶ್ವವಿದ್ಯಾಲಯದ ಜೋಡಿಪದವಿಯ ಆಶಯ.

ನ್ಯಾನೋತಂತ್ರಜ್ಞಾನಕ್ಕಂತೂ ಇದು ಅನಿವಾರ್ಯ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಹಳದಿ ಚಿನ್ನವನ್ನೇ ಮೀಟರಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಕಿರಿಯ ಕಣಗಳಾಗಿಸಿ ನೀರಿನಲ್ಲಿ ಹರಡಿದರೆ, ನೀರು ಮಾಣಿಕ್ಯದಂತೆ ಕೆಂಪೇರುತ್ತದೆ. ಈ ಕೆಂಪಿಗೆ ಕಣಗಳ ಕಿರಿತನವೇ ಕಾರಣವೆಂದು ಫ್ಯಾರಡೆ 1857ರಲ್ಲಿ ಊಹಿಸಿದನು. ಇಂದು ಅದೇ ಕೆಂಪು ಅನೇಕ ರೋಗಪರೀಕ್ಷೆಯ ಪಟ್ಟಿಗಳಲ್ಲಿ ಗೆರೆಯಾಗಿ ಮೂಡುತ್ತದೆ. ಮೊದಲನೆಯದು ಮೂಲವಿಜ್ಞಾನ, ಎರಡನೆಯದು ಅನ್ವಯಿಕ ವಿಜ್ಞಾನ. ಒಂದನ್ನು ಮಾತ್ರ ಬಲ್ಲವನು ಅರ್ಧವನ್ನೇ ಬಲ್ಲನು.

ಸಿಂಧನೂರಿನ ಕಾಲುವೆಯ ಬಯಲಿನಲ್ಲಿ ಗದ್ದೆಗಳು ಸವುಳಾಗುತ್ತಿವೆ. ಆ ಮಣ್ಣನ್ನು ಓದಬಲ್ಲ, ಓದಿ ತಿದ್ದಬಲ್ಲ ವಿದ್ಯಾರ್ಥಿಗಾಗಿ ನಮ್ಮ ಸೀಮೆ ಕಾದಿದೆ.