ತೂಕದ ಯಂತ್ರಕ್ಕೊಬ್ಬ ಮೇಸ್ತ್ರಿ



ಕಳೆದ ಹಂಗಾಮಿನಲ್ಲಿ ಅಡಿಕೆ ತೂಕಕ್ಕೆ ತಾವೆಲ್ಲ ಗಂಟೆಗಟ್ಟಲೆ ಕಾಯಬೇಕಾಯಿತು. ಚೀಟಿಗಳನ್ನು ಕೈಯಲ್ಲಿ ಬರೆದುದರಿಂದ ಎರಡು ಕಡೆ ಅಂಕಿ ತಪ್ಪಿ, ಮಾತೂ ಬೆಳೆಯಿತು. ಕಾರಣ ತಿಳಿಸುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ.

ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಕಂಪ್ಯೂಟರ್ ಕೊಳ್ಳುವ ಬದಲು ಹಳೆಯದಕ್ಕೇ ಲಿನಕ್ಸ್ ಹಾಕಿಸಿದೆವು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು. ಎಲ್ಲವೂ ಸರಿಹೋಯಿತು. ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪರಿವರ್ತಕ ಮಾತ್ರ ಕೆಲಸ ಮಾಡಲಿಲ್ಲ. ಮಾರಿದವರು 'ಲಿನಕ್ಸಿಗೆ ಡ್ರೈವರ್ ಇಲ್ಲ' ಎಂದು ಕೈತೊಳೆದುಕೊಂಡರು.

ಡ್ರೈವರ್ ಎಂದರೇನು? ತೋಟದ ಯಜಮಾನ ಒಬ್ಬೊಬ್ಬ ಆಳಿಗೂ ಹೇಳುತ್ತಾ ತಿರುಗುವುದಿಲ್ಲ. ಮೇಸ್ತ್ರಿಗೆ ಹೇಳುತ್ತಾನೆ, ಮೇಸ್ತ್ರಿ ಅವರವರ ಭಾಷೆಯಲ್ಲಿ ಹೇಳಿ ಕೆಲಸ ತೆಗೆಯುತ್ತಾನೆ. ಕಂಪ್ಯೂಟರಿಗೂ ಸಾಧನಕ್ಕೂ ನಡುವಿನ ಮೇಸ್ತ್ರಿಯೇ ಡ್ರೈವರ್.

ಸದಸ್ಯರೊಬ್ಬರ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಗೆ ಬಂದವಳು, "ಕಲಿತು ನೋಡೋಣ ಮಾವ" ಎಂದಳು. ಬಿ.ಎಸ್ಸಿ. ಮುಗಿಸಿ ಮೂವತ್ತು ವರ್ಷವಾದ ನಾನೂ ದಿನಾ ಸಂಜೆ ಪಕ್ಕದಲ್ಲಿ ಕುಳಿತೆ.

ಇದಕ್ಕೆ ಸಿ ಭಾಷೆ ಗೊತ್ತಿರಬೇಕು. ಮೊದಲ ಪಾಠ ಚಿಕ್ಕದು: ಕರ್ನೆಲ್ ಎಂಬ ವ್ಯವಸ್ಥೆಯ ತಿರುಳನ್ನು ಸೇರುವಾಗ ಒಂದು ಮಾತು, ಬಿಡುವಾಗ ಒಂದು ಮಾತು ದಾಖಲಿಸುವ ತುಣುಕು. ಬಿಡುವಾಗ ತಾನು ಪಡೆದುದನ್ನೆಲ್ಲ ಹಿಂದಿರುಗಿಸಲೇಬೇಕು. ಇಲ್ಲಿ ತಪ್ಪಿದರೆ ಇಡೀ ಕಂಪ್ಯೂಟರ್ ನಿಂತುಬಿಡಬಹುದು. ಆದ್ದರಿಂದ ಸಂಘದ ಲೆಕ್ಕವಿರುವ ಯಂತ್ರವನ್ನು ಮುಟ್ಟದೆ, ಅವಳ ಕಂಪ್ಯೂಟರಿನೊಳಗಿನ ವರ್ಚುಯಲ್ ಮಷೀನಿನಲ್ಲಿ ಅಭ್ಯಾಸ ಮಾಡಿದೆವು. ಸಸಿಮಡಿ ಮಾಡದೆ ಯಾರೂ ತೋಟ ಎಬ್ಬಿಸುವುದಿಲ್ಲವಷ್ಟೆ. 'ಲಿನಕ್ಸ್ ಡಿವೈಸ್ ಡ್ರೈವರ್ಸ್' ಗ್ರಂಥದ 2005ರ ಮೂರನೆಯ ಆವೃತ್ತಿ ಉಚಿತವಾಗಿ ಸಿಗುತ್ತದೆ. ಕೆಲವು ವಿವರ ಹಳತಾಗಿದ್ದರೂ ತತ್ವ ಹಳತಾಗಿಲ್ಲ.

ಪ್ರತಿ ಯುಎಸ್‌ಬಿ ಸಾಧನಕ್ಕೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎಂಬ ಎರಡು ಗುರುತುಗಳಿರುತ್ತವೆ. ನಮ್ಮ ಪರಿವರ್ತಕದೊಳಗಿನ ಚಿಪ್ಪಿಗೆ ಲಿನಕ್ಸಿನಲ್ಲಿ ಡ್ರೈವರ್ ಇದ್ದೇ ಇತ್ತು! ಅದರ ಹಾಜರಿ ಪಟ್ಟಿಯಲ್ಲಿ ನಮ್ಮ ಸಂಖ್ಯೆ ಮಾತ್ರ ಇರಲಿಲ್ಲ. ಒಂದು ಸಾಲು ಸೇರಿಸಿದೆವು. ಇಪ್ಪತ್ತು ಕಿಲೋ ಕಲ್ಲಿಟ್ಟಾಗ ಪರದೆಯಲ್ಲಿ 20.00 ಮೂಡಿತು. ಆ ಸಾಲು ಎಲ್ಲಿ ಬರೆಯಬೇಕೆಂದು ತಿಳಿಯಲು ಮೂರು ವಾರ ಹಿಡಿಯಿತು.

ಅದನ್ನು ನಮ್ಮಲ್ಲೇ ಇಟ್ಟುಕೊಂಡರೆ ಪ್ರತಿ ಹೊಸ ಆವೃತ್ತಿಗೂ ಮತ್ತೆ ಸೇರಿಸಬೇಕು. ಮೂಲಕ್ಕೆ ಸೇರಿದರೆ, ಮುಂದೆ ಒಳರಚನೆ ಬದಲಿಸುವವರೇ ಅದನ್ನೂ ಹೊಂದಿಸಿಕೊಡುತ್ತಾರೆ. ಇಂಥದೇ ಪರಿವರ್ತಕವಿರುವ ಬೇರೆಯವರಿಗೂ ಉಪಯೋಗ. ಸಹಕಾರ ತತ್ವವೂ ಇದೇ ಅಲ್ಲವೇ? ಹುಡುಗಿ ತನ್ನ ಹೆಸರು ಹಾಕಿ ಕಳುಹಿಸಿದಳು. ವಿವರಣೆ ಸಾಲದೆಂದು ಒಮ್ಮೆ ಹಿಂದೆ ಬಂತು; ತಿದ್ದಿ ಮತ್ತೆ ಕಳುಹಿಸಿದ್ದಾಳೆ.

ಕಲಿಯಲು ಆಸಕ್ತಿಯುಳ್ಳ ಮಕ್ಕಳನ್ನು ಸದಸ್ಯರು ಕಚೇರಿಗೆ ಕಳುಹಿಸಿಕೊಡಬೇಕಾಗಿ ವಿನಂತಿ. ಮುಂದಿನ ಹಂಗಾಮಿಗೆ ತೂಕದ ಚೀಟಿ ಯಂತ್ರದಿಂದಲೇ ದೊರೆಯುವುದು. ತಪ್ಪಿದ ಎರಡು ಚೀಟಿಗಳ ವ್ಯತ್ಯಾಸವನ್ನು ಆಯಾ ಸದಸ್ಯರ ಖಾತೆಗೆ ಜಮಾ ಮಾಡಲಾಗಿದೆ.

– ಕಾರ್ಯದರ್ಶಿ